ಒತ್ತುಮನೆಗಳ ನಡುವೆ ಆರೋಗ್ಯ: ಲಂಡನ್ನಿನ ಕೇರಿಗಳು ಕಲಿಸುವ ಪಾಠ

ಮಹಾನಗರಕ್ಕೆ ಬಂದು ನೆಲೆಸಿದ ನಮ್ಮ ಜನರಲ್ಲಿ ಒಂದು ನಂಬಿಕೆ ಬೇರೂರಿದೆ. ಊರಿನಲ್ಲಿ ಅಂಗಳವಿತ್ತು, ಹಿತ್ತಿಲಿತ್ತು, ಬಾವಿಯಿತ್ತು. ಆದುದರಿಂದ ಆರೋಗ್ಯವೂ ಇತ್ತು. ಇಲ್ಲಿಯಾದರೋ ಗೋಡೆಗೆ ಗೋಡೆ ತಾಗಿದ ಮನೆ, ಮಾಳಿಗೆಯ ಮೇಲೆ ಮಾಳಿಗೆ. ಆದುದರಿಂದ ರೋಗ ತಪ್ಪಿದ್ದಲ್ಲ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, “ಇಷ್ಟು ಜನ ಒಂದೆಡೆ ತುಂಬಿಕೊಂಡರೆ ಇನ್ನೇನಾದೀತು” ಎಂದು ನಿಟ್ಟುಸಿರು ಬಿಡುವುದು ನಮಗೆ ರೂಢಿಯಾಗಿದೆ. ಈ ನಂಬಿಕೆಯಲ್ಲಿ ಎಷ್ಟು ನಿಜವಿದೆ ಎಂಬುದನ್ನು ಪರೀಕ್ಷಿಸಲು ಇಂಗ್ಲೆಂಡಿನ ಇಕ್ಕಟ್ಟಾದ ಕೇರಿಗಳ ಇತಿಹಾಸದಂತಹ ಸಾಧನ ಇನ್ನೊಂದಿಲ್ಲ. ಕೈಗಾರಿಕೆಯ ಯುಗದಲ್ಲಿ ಒತ್ತುಮನೆಗಳ ಬಾಳನ್ನು ಎಲ್ಲರಿಗಿಂತ ಮೊದಲು ಕಂಡ ದೇಶ ಅದು. ಅದಕ್ಕಾಗಿ ಬಲು ದೊಡ್ಡ ಬೆಲೆಯನ್ನೂ ತೆತ್ತಿದೆ.

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಆದರೂ ಈ ವಿಷಯವನ್ನು ಎತ್ತಿಕೊಳ್ಳುವ ಧೈರ್ಯ ಮಾಡಿರುವುದಕ್ಕೆ ಕಾರಣವಿದೆ. ಈ ಕಥೆಯ ತಿರುವುಗಳೆಲ್ಲ ಲೆಕ್ಕದ ಪುಸ್ತಕಗಳಲ್ಲಿ ಆದವು. ಸಾವನ್ನು ಎಣಿಸಿ, ಬೀದಿಬೀದಿಯಾಗಿ ಬರೆದಿಟ್ಟು, ಒಂದು ಖಾತೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದಾಗಲೇ ರೋಗದ ನಿಜವಾದ ಕಾರಣ ಹೊರಬಿದ್ದಿತು.

ಹಳೆಯ ವಠಾರಗಳು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕೈಗಾರಿಕಾ ನಗರಗಳಿಗೆ ಹಳ್ಳಿಗಳಿಂದ ಜನ ಪ್ರವಾಹದಂತೆ ಬಂದರು. ಬಂದವರಿಗೆ ಕಾರ್ಖಾನೆಯ ಸಮೀಪದಲ್ಲಿಯೇ ಸೂರು ಬೇಕಾಗಿತ್ತು; ದೂರ ಹೋಗಿ ಬರಲು ಅಗ್ಗದ ವಾಹನ ಸೌಕರ್ಯ ಇರಲಿಲ್ಲ. ಮನೆ ಕಟ್ಟಿಸುವವರು ಅಂಗೈಯಗಲದ ಜಾಗವನ್ನೂ ಬಿಡದೆ ಕಟ್ಟಿದರು. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಮುಂತಾದ ಊರುಗಳಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳು ಎದ್ದವು. ಅಂತಹ ಮನೆಗೆ ಮುಂದುಗಡೆ ಮಾತ್ರ ಬಾಗಿಲು, ಕಿಟಕಿ. ಹಿಂದಿನ ಗೋಡೆ ಇನ್ನೊಂದು ಮನೆಯದೂ ಹೌದು. ಗಾಳಿ ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗುವ ದಾರಿಯೇ ಇರಲಿಲ್ಲ. ಇಂತಹ ಮನೆಗಳ ನಡುವೆ ಕಲ್ಲು ಹಾಸಿದ ಒಂದು ಕಿರಿದಾದ ಅಂಗಳ, ಅಲ್ಲಿ ಎಲ್ಲರಿಗೂ ಕೂಡಿ ಕೆಲವೇ ಶೌಚಗುಂಡಿಗಳು, ನೀರಿಗೊಂದು ನಲ್ಲಿ ಅಥವಾ ಕೈಪಂಪು. ನಮ್ಮ ಬೆಂಗಳೂರು, ಮೈಸೂರುಗಳ ವಠಾರವನ್ನು ಬಲ್ಲವರಿಗೆ ಇದರ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟೀತು. ಬರ್ಮಿಂಗ್‌ಹ್ಯಾಮಿನಲ್ಲಿ ಇಂತಹ ಕೊನೆಯ ವಠಾರವೊಂದನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕಾಪಾಡಿ, 2004ರಿಂದ ಸಾರ್ವಜನಿಕರಿಗೆ ತೋರಿಸುತ್ತಿದೆ.

ಇಂತಹ ಕೇರಿಗಳ ಸ್ಥಿತಿಯನ್ನು ದೇಶದ ಮುಂದಿಟ್ಟವರು ಎಡ್ವಿನ್ ಚಾಡ್ವಿಕ್. 1842ರಲ್ಲಿ ಅವರು ಸಲ್ಲಿಸಿದ ವರದಿಯಲ್ಲಿ ಸತ್ತವರ ಸರಾಸರಿ ವಯಸ್ಸಿನ ಪಟ್ಟಿಗಳಿವೆ. ಲಿವರ್‌ಪೂಲಿನ ಸ್ಥಿತಿವಂತರಲ್ಲಿ ಅದು 35 ವರ್ಷ. ಅದೇ ಊರಿನ ಕೂಲಿಗಾರರ ಮನೆಗಳಲ್ಲಿ 15 ವರ್ಷ. ರಟ್ಲೆಂಡ್ ಎಂಬ ಹಳ್ಳಿಗಾಡಿನ ಕೂಲಿಗಾರರಲ್ಲಿ 38. ಕೂಲಿಗಾರರೆಲ್ಲ 15ನೆಯ ವಯಸ್ಸಿಗೆ ಸಾಯುತ್ತಿದ್ದರೆಂದು ಇದರ ಅರ್ಥವಲ್ಲ. ಹಸುಗೂಸುಗಳೂ ಚಿಕ್ಕ ಮಕ್ಕಳೂ ರಾಶಿರಾಶಿಯಾಗಿ ಸತ್ತು ಸರಾಸರಿಯನ್ನು ಕೆಳಗೆಳೆದಿದ್ದರು.

ಈ ಅಂಕಿಗಳನ್ನು ಕಂಡವರು ಸಹಜವಾಗಿ ಜನಸಂದಣಿಯನ್ನೇ ದೂಷಿಸಿದರು. ಕೊಳಕಿನ ದುರ್ಗಂಧವೇ ರೋಗವೆಂದು ಆ ಕಾಲದ ವೈದ್ಯರಲ್ಲಿ ಬಹುಮಂದಿ ನಂಬಿದ್ದರು. ಚಾಡ್ವಿಕ್ಕರೂ ಹಾಗೆಯೇ ನಂಬಿದ್ದರು.

ಎರಡು ಖಾತೆಗಳು

ಲಂಡನ್ನಿಗೆ ಹೋದ ಕನ್ನಡಿಗರಲ್ಲಿ ಅನೇಕರು ನೋಡಿ ಬರುವ ಸ್ಥಳವೊಂದಿದೆ. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಅದು. ನದಿಯನ್ನೂ ಆಚೆ ದಡದ ಪಾರ್ಲಿಮೆಂಟ್ ಭವನವನ್ನೂ ನೋಡಿ, ಭಾವಚಿತ್ರ ತೆಗೆಸಿಕೊಂಡು ನಮ್ಮವರು ಹಿಂದಿರುಗುತ್ತಾರೆ. ಅದೇ ಲ್ಯಾಂಬೆತ್ ಭಾಗದ ಬೀದಿಗಳಲ್ಲಿ 1854ರಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದ ಒಂದು ಮಹತ್ತರ ಪರೀಕ್ಷೆ ನಡೆಯಿತೆಂಬುದು ಬಹುಜನರಿಗೆ ತಿಳಿದಿಲ್ಲ.

ಆ ವರ್ಷ ಲಂಡನ್ನಿಗೆ ಕಾಲರಾ ಬಡಿದಿತ್ತು. ನದಿಯ ದಕ್ಷಿಣ ಭಾಗಕ್ಕೆ ಎರಡು ಖಾಸಗಿ ಕಂಪನಿಗಳು ನೀರು ಪೂರೈಸುತ್ತಿದ್ದವು. ಪೈಪೋಟಿಯ ಕಾಲದಲ್ಲಿ ಎರಡೂ ಒಂದೇ ಬೀದಿಯಲ್ಲಿ ಕೊಳವೆ ಹಾಕಿದ್ದುದರಿಂದ, ಒಂದು ಮನೆಗೆ ಒಂದು ಕಂಪನಿಯ ನೀರು, ಪಕ್ಕದ ಮನೆಗೆ ಇನ್ನೊಂದರ ನೀರು ಬರುತ್ತಿತ್ತು. ಸದರ್ಕ್ ಆಂಡ್ ವಾಕ್ಸಾಲ್ ಕಂಪನಿ ನಗರದ ಹೊಲಸು ಬಂದು ಸೇರುವ ಕಡೆಯಲ್ಲಿ, ಬ್ಯಾಟರ್ಸಿಯ ಬಳಿ, ನದಿಯಿಂದ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಯಂತ್ರಗಳನ್ನು ನದಿಯ ಮೇಲ್ಭಾಗದ ಥೇಮ್ಸ್ ಡಿಟನ್ನಿಗೆ, ಸಮುದ್ರದ ಉಬ್ಬರವೂ ನಗರದ ಹೊಲಸೂ ಮುಟ್ಟದ ಸ್ಥಳಕ್ಕೆ ಒಯ್ದಿತ್ತು.

ಡಾ. ಜಾನ್ ಸ್ನೋ ಎಂಬ ವೈದ್ಯರು ಇದನ್ನು ಗಮನಿಸಿದರು. ಬೀದಿ ಒಂದೇ, ಗಾಳಿ ಒಂದೇ, ದುರ್ಗಂಧ ಒಂದೇ, ಜನಸಂದಣಿಯೂ ಒಂದೇ. ನೀರು ಮಾತ್ರ ಬೇರೆ. ಕಾಲರಾದಿಂದ ಸತ್ತವರ ಮನೆಗಳಿಗೆ ಅವರು ಹೋಗಿ, ನೀರು ಯಾವ ಕಂಪನಿಯದೆಂದು ವಿಚಾರಿಸಿದರು. ಬಾಡಿಗೆದಾರರಲ್ಲಿ ಅನೇಕರಿಗೆ ಅದು ತಿಳಿದಿರಲಿಲ್ಲ. ನೀರಿನ ಹಣವನ್ನು ಕಟ್ಟುತ್ತಿದ್ದವನು ಮನೆಯ ಮಾಲೀಕ. ಸ್ನೋ ಅದಕ್ಕೂ ಉಪಾಯ ಹುಡುಕಿದರು. ಉಬ್ಬರದ ಪ್ರಭಾವಕ್ಕೊಳಗಾದ ನೀರಿನಲ್ಲಿ ಉಪ್ಪಿನ ಅಂಶ ಇನ್ನೊಂದರದಕ್ಕಿಂತ ಸುಮಾರು 40 ಪಟ್ಟು ಹೆಚ್ಚಾಗಿತ್ತು. ಸಿಲ್ವರ್ ನೈಟ್ರೇಟ್ ದ್ರಾವಣ ಬೆರೆಸಿ ನೋಡಿದರೆ ಯಾವ ನೀರು ಯಾರದೆಂದು ತಿಳಿಯುತ್ತಿತ್ತು.

ರೋಗದ ಮೊದಲ ಏಳು ವಾರಗಳ ಲೆಕ್ಕ ಹೀಗಿತ್ತು. ಸದರ್ಕ್ ಕಂಪನಿಯ ನೀರು ಕುಡಿದ 40,046 ಮನೆಗಳಲ್ಲಿ 1,263 ಸಾವು. ಅಂದರೆ 10,000 ಮನೆಗಳಿಗೆ 315. ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಸಾವು; 10,000 ಮನೆಗಳಿಗೆ 37. ಒಂದೇ ನಡುಗೋಡೆಯ ಎರಡು ಬದಿಗಳಲ್ಲಿ ಸಾವಿನ ಪ್ರಮಾಣ ಎಂಟುಪಟ್ಟಿಗೂ ಮೀರಿ ಭಿನ್ನವಾಗಿತ್ತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಖಾತೆಗಳನ್ನು ನೋಡಿರುವ ನನಗೆ ಇದಕ್ಕಿಂತ ಸ್ಪಷ್ಟವಾದ ತಾಳೆಪಟ್ಟಿ ಕಂಡ ನೆನಪಿಲ್ಲ. ಕೊಂದದ್ದು ಒತ್ತುಮನೆಯಲ್ಲ, ಅದರೊಳಕ್ಕೆ ಬಂದ ನೀರು.

ಬ್ರಾಡ್ ಸ್ಟ್ರೀಟಿನ ಕೈಪಂಪು

ಸ್ನೋ ಈ ಕೆಲಸದಲ್ಲಿದ್ದಾಗಲೇ ನದಿಯ ಉತ್ತರಕ್ಕಿರುವ ಸೋಹೋ ಎಂಬ ಕಿಕ್ಕಿರಿದ ಕೇರಿಯಲ್ಲಿ, 1854ರ ಆಗಸ್ಟ್ 31ರ ರಾತ್ರಿ, ಕಾಲರಾ ಹಠಾತ್ತನೆ ಸ್ಫೋಟಿಸಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಮನೆಗಳನ್ನು ಗುರುತಿಸುತ್ತ ಹೋದಾಗ ಅವು ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತ ನೆರೆದಿದ್ದವು. ಸ್ನೋ ಅವರ ಮಾತಿನಂತೆ ಸೆಪ್ಟೆಂಬರ್ 8ರಂದು ಸ್ಥಳೀಯ ಆಡಳಿತ ಆ ಪಂಪಿನ ಹಿಡಿಕೆಯನ್ನು ತೆಗೆಸಿತು.

ಈ ಸಂಗತಿ ಪ್ರಸಿದ್ಧವಾದುದೇ. ಆದರೆ ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದವು ಅದರ ಅಪವಾದಗಳು. ಸಮೀಪದ ಪೋಲೆಂಡ್ ಸ್ಟ್ರೀಟಿನ ಬಡವರ ಆಶ್ರಮದಲ್ಲಿ 535 ಮಂದಿ ತುಂಬಿಕೊಂಡಿದ್ದರು. ಸತ್ತವರು ಐವರು ಮಾತ್ರ. ಅಲ್ಲಿ ಸ್ವಂತ ಬಾವಿಯಿತ್ತು. ಬ್ರಾಡ್ ಸ್ಟ್ರೀಟಿನಲ್ಲಿಯೇ ಇದ್ದ ಮದ್ಯದ ಕಾರ್ಖಾನೆಯ ಎಪ್ಪತ್ತಕ್ಕೂ ಮಿಕ್ಕ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರಿಗೂ ಬೇರೆ ಬಾವಿಯಿತ್ತು, ಮೇಲಾಗಿ ಕುಡಿಯಲು ಬಿಯರು ಸಿಗುತ್ತಿತ್ತು. ಇದಕ್ಕೆ ಪ್ರತಿಯಾಗಿ, ಊರ ಹೊರಗಿನ ಹ್ಯಾಂಪ್‌ಸ್ಟೆಡ್ಡಿನ ತೆರೆದ ಗಾಳಿಯಲ್ಲಿ ವಾಸವಾಗಿದ್ದ ಒಬ್ಬ ವಿಧವೆ ಕಾಲರಾದಿಂದ ತೀರಿಕೊಂಡಳು. ಅವಳು ಮೊದಲು ಸೋಹೋದಲ್ಲಿದ್ದವಳು. ಆ ಪಂಪಿನ ನೀರಿನ ರುಚಿಯನ್ನು ಮರೆಯಲಾರದೆ ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಊರಿನ ಬಾವಿಯ ನೀರನ್ನು ನೆನೆದು ಹಂಬಲಿಸುವ ನಮ್ಮಂಥವರು ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು.

ಕೊಳೆ ಬಾವಿಗೆ ಹೇಗೆ ಸೇರಿತು? ಇದನ್ನು ಪತ್ತೆ ಮಾಡಿದವರು ಹೆನ್ರಿ ವೈಟ್‌ಹೆಡ್ ಎಂಬ ಆ ಕೇರಿಯ ಯುವ ಪಾದ್ರಿ. ಅವರು ಮೊದಲು ಸ್ನೋ ಅವರ ವಾದವನ್ನು ಒಪ್ಪಿರಲಿಲ್ಲ. ಅದನ್ನು ಸುಳ್ಳೆಂದು ತೋರಿಸಲೆಂದೇ ಮನೆಮನೆ ತಿರುಗಿದವರು. ಪಂಪಿನ ಎದುರಿನ 40ನೆಯ ಸಂಖ್ಯೆಯ ಮನೆಯಲ್ಲಿ ಒಂದು ಹಸುಗೂಸು ಭೇದಿಯಿಂದ ಸತ್ತಿತ್ತು. ತಾಯಿ ಮಗುವಿನ ಬಟ್ಟೆ ಒಗೆದ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿದಿದ್ದಳು. ಅಗೆಸಿ ನೋಡಿದಾಗ ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿ ಅಂತರವೂ ಇರಲಿಲ್ಲ. ಇಟ್ಟಿಗೆಗಳು ಸಡಿಲಿ, ಕೊಳೆ ಬಾವಿಗೆ ಜಿನುಗುತ್ತಿತ್ತು. ಪಂಪಿನ ಹಿಡಿಕೆ ತೆಗೆದ ದಿನವೇ ಆ ಮಗುವಿನ ತಂದೆಯೂ ರೋಗಕ್ಕೆ ಬಿದ್ದ. ಹಿಡಿಕೆ ಇದ್ದಿದ್ದರೆ ಎರಡನೆಯ ಸುತ್ತಿನ ಸಾವು ಆರಂಭವಾಗುತ್ತಿತ್ತೋ ಏನೋ.

ಸ್ನೋ 1858ರಲ್ಲಿ ತೀರಿಕೊಂಡಾಗ ಅವರ ಮತವನ್ನು ಒಪ್ಪಿದವರು ಕೆಲವರೇ. ಕಾಲರಾದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ ನಮ್ಮ ಕಲ್ಕತ್ತೆಯಲ್ಲಿ ಬೇರ್ಪಡಿಸಿ ತೋರಿಸಿದ್ದು 1884ರಲ್ಲಿ.

ನೆಲದ ಕೆಳಗಿನ ನಗರ

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಗಳನ್ನೇ ಮುಟ್ಟಿತು. ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಪ್ರಯೋಜನವಾಗಲಿಲ್ಲ. ವರ್ಷಾನುಗಟ್ಟಲೆ ಚರ್ಚೆಯಲ್ಲಿದ್ದ ಒಳಚರಂಡಿಗೆ ಕೆಲವೇ ದಿನಗಳಲ್ಲಿ ಮಂಜೂರಾತಿ ದೊರೆಯಿತು. ಜೋಸೆಫ್ ಬೆಜಲ್‌ಗೆಟ್ ಎಂಬ ಇಂಜಿನಿಯರು 82 ಮೈಲಿ ಉದ್ದದ ಮುಖ್ಯ ಚರಂಡಿಗಳನ್ನು ಇಟ್ಟಿಗೆಯಿಂದ ಕಟ್ಟಿ, ನಗರದ ಹೊಲಸನ್ನು ಪೂರ್ವಕ್ಕೆ, ಜನವಸತಿಯ ಆಚೆಗೆ ಒಯ್ದರು. ನಮ್ಮ ಬಸವೇಶ್ವರರ ಪ್ರತಿಮೆ ನಿಂತಿರುವ ದಂಡೆಯೂ ಅವರೇ 1860ರ ದಶಕದಲ್ಲಿ ಕಟ್ಟಿಸಿದ್ದು. ತಗ್ಗಿನ ಲ್ಯಾಂಬೆತ್ತನ್ನು ನೆರೆಯಿಂದ ಕಾಪಾಡುವುದು ಅದರ ಒಂದು ಉದ್ದೇಶವಾಗಿತ್ತು.

1866ರಲ್ಲಿ ಕಾಲರಾ ಕೊನೆಯ ಬಾರಿ ಲಂಡನ್ನಿನಲ್ಲಿ ದೊಡ್ಡ ಪ್ರಮಾಣದಲ್ಲಿ ಹಬ್ಬಿತು. ಅದು ಎರಗಿದ್ದು ಹೊಸ ಒಳಚರಂಡಿ ಇನ್ನೂ ಪೂರ್ತಿಯಾಗದಿದ್ದ ಪೂರ್ವ ಭಾಗದ ಮೇಲೆ. ಚರಂಡಿ ಮುಗಿದಿದ್ದ ಕೇರಿಗಳಲ್ಲಿಯೂ ಜನಸಂದಣಿ ಹಿಂದಿನಷ್ಟೇ ಇತ್ತು; ಅಲ್ಲಿ ರೋಗ ಹಾಗೆ ಹಬ್ಬಲಿಲ್ಲ.

ಬೆಳಕಿಗೂ ಗಾಳಿಗೂ ಕಾಯಿದೆ

ನೀರು, ಚರಂಡಿಗಳ ಬಳಿಕ ಮನೆಯ ಸರದಿ. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯು ಬೀದಿಯ ಅಗಲ, ಮನೆಯ ಹಿಂದಿನ ಬಯಲು, ಶೌಚಾಲಯ ಇವುಗಳಿಗೆ ನಿಯಮ ಮಾಡುವ ಅಧಿಕಾರವನ್ನು ಊರಿನ ಆಡಳಿತಕ್ಕೆ ಕೊಟ್ಟಿತು. ಇದರ ಫಲವೇ ಇಂದಿಗೂ ಇಂಗ್ಲೆಂಡಿನ ಯಾವುದೇ ನಗರದಲ್ಲಿ ಕಾಣುವ ಸಾಲುಮನೆ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ. ಎಡಬಲಗಳಲ್ಲಿ ನೆರೆಮನೆಯೊಂದಿಗೆ ಹಂಚಿಕೊಂಡ ನಡುಗೋಡೆ. ಆದರೆ ಮುಂದೆ ಕನಿಷ್ಠ 36 ಅಡಿ ಅಗಲದ ಬೀದಿ, ಹಿಂದೆ ಪ್ರತಿ ಮನೆಗೂ ಸ್ವಂತದ ಪುಟ್ಟ ಅಂಗಳ, ಅದರಾಚೆ ಹೊಲಸು ಸಾಗಿಸಲು ಒಂದು ಹಿಂಗಲ್ಲಿ. ಗಾಳಿ ಮುಂದಿನಿಂದ ಹಿಂದಕ್ಕೆ ಹಾಯುತ್ತದೆ. ಬೆನ್ನಿಗೆ ಬೆನ್ನು ಹಚ್ಚಿ ಮನೆ ಕಟ್ಟುವುದನ್ನು 1909ರಲ್ಲಿ ಕಾಯಿದೆಯಿಂದ ನಿಷೇಧಿಸಲಾಯಿತು. ಲೀಡ್ಸ್ ನಗರದಲ್ಲಿ ಉಳಿದುಕೊಂಡಿರುವ ಅಂತಹ ಸಾವಿರಾರು ಮನೆಗಳಲ್ಲಿ, ನೀರು, ಶೌಚಗಳ ಸೌಕರ್ಯ ಸೇರಿಸಿ, ಜನ ಈಗಲೂ ವಾಸವಾಗಿದ್ದಾರೆ.

ಇದಕ್ಕೂ ಹಿಂದಿನ ಒಂದು ನ್ಯಾಯ ನಮ್ಮ ಗಮನಕ್ಕೆ ಅರ್ಹವಾಗಿದೆ. 1832ರ ಒಂದು ಕಾಯಿದೆಯಂತೆ, 20 ವರ್ಷ ಎಡೆಬಿಡದೆ ಬೆಳಕು ಪಡೆದ ಕಿಟಕಿಗೆ ಆ ಬೆಳಕಿನ ಮೇಲೆ ಹಕ್ಕು ಹುಟ್ಟುತ್ತದೆ. ಎದುರಿನವನು ಅದನ್ನು ಗಣನೀಯವಾಗಿ ಮರೆಮಾಡುವಂತೆ ಕಟ್ಟಿದರೆ ನ್ಯಾಯಾಲಯಕ್ಕೆ ಹೋಗಬಹುದು. ಬೆಳಕನ್ನೂ ಒಂದು ಆಸ್ತಿಯೆಂದು ಭಾವಿಸಿದ ಈ ವಿಚಾರ ಒತ್ತುಮನೆಗಳ ನಾಡಿನಲ್ಲಿ ಬೇರೂರಿದ್ದು ಸಹಜವೇ ಆಗಿದೆ.

ನಮ್ಮ ದೇಶಕ್ಕೂ ಇಂತಹ ಚಿಂತನೆ ರೋಗದ ಬೆನ್ನ ಹಿಂದೆಯೇ ಬಂದಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದ ಮೇಲೆ 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪನೆಯಾಯಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದು, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಆ ಬಡಾವಣೆಗಳಲ್ಲಿ ಹುಟ್ಟಿ ಬೆಳೆದವರು ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯನ್ನು ಮರೆತಿರಲಾರರು. ಇಂಗ್ಲೆಂಡಿನ ಸಾಲುಮನೆಗಳ ಹಿಂಗಲ್ಲಿಗೂ ಅದಕ್ಕೂ ಉದ್ದೇಶ ಒಂದೇ.

ಬಾಡಿಗೆಯ ಲೆಕ್ಕ

ಆರೋಗ್ಯಕರವಾದ ಮನೆಗೆ ಹಣ ಬೇಕು. ಅದನ್ನು ಯಾರು ಕೊಡಬೇಕೆಂಬ ಪ್ರಶ್ನೆ ಕಠಿಣವಾದುದು. ಜಾರ್ಜ್ ಪೀಬಾಡಿ ಎಂಬ ಅಮೆರಿಕದ ಬ್ಯಾಂಕರು 1862ರಲ್ಲಿ ಲಂಡನ್ನಿನ ಬಡವರಿಗಾಗಿ 1,50,000 ಪೌಂಡುಗಳ ದತ್ತಿಯಿಟ್ಟರು. ಅದರಿಂದ ಕಟ್ಟಿದ ಮೊದಲ ವಸತಿಗೃಹ 1864ರಲ್ಲಿ ಸ್ಪಿಟಲ್‌ಫೀಲ್ಡ್ಸ್ ಕೇರಿಯಲ್ಲಿ ತೆರೆಯಿತು. ಆಕ್ಟೇವಿಯಾ ಹಿಲ್ ಎಂಬ ಮಹಿಳೆ 1865ರಲ್ಲಿ ಜಾನ್ ರಸ್ಕಿನ್ ಅವರ ಹಣದಿಂದ ಮೂರು ಹಾಳುಬಿದ್ದ ಮನೆಗಳನ್ನು ಪಡೆದು, ಶೇಕಡಾ 5ರ ಆದಾಯವನ್ನು ಹೂಡಿಕೆಗೆ ಕೊಟ್ಟು, ಮಿಕ್ಕಿದ್ದನ್ನು ದುರಸ್ತಿಗೆ ಬಳಸುವ ಪದ್ಧತಿಯನ್ನು ನಡೆಸಿ ತೋರಿಸಿದರು. ಪ್ರತಿವಾರ ಬಾಡಿಗೆ ವಸೂಲಿಗೆ ಮನೆಮನೆಗೂ ಹೋಗುತ್ತಿದ್ದುದರಿಂದ, ಸೋರುವ ಮಾಡು, ಮುರಿದ ಕಿಟಕಿ, ಹಾಸಿಗೆ ಹಿಡಿದ ಮಗು ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿತ್ತು. ಬಾಕಿಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಆದರೆ ಬಾಡಿಗೆಯ ಭೇಟಿಯೇ ಆರೋಗ್ಯದ ತಪಾಸಣೆಯೂ ಆದುದು ಅವರ ವಿಶೇಷ.

ಈ ಲೆಕ್ಕದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಲೇಖನ ಅಪ್ರಾಮಾಣಿಕವಾದೀತು. ಪೂರ್ವ ಲಂಡನ್ನಿನಲ್ಲಿ ಓಲ್ಡ್ ನಿಕಲ್ ಎಂಬ ಕುಖ್ಯಾತ ಕೇರಿಯಿತ್ತು. ಅಲ್ಲಿನ ಮರಣ ಪ್ರಮಾಣ ಸಾವಿರಕ್ಕೆ 40ರ ಆಸುಪಾಸಿನಲ್ಲಿ, ಸುತ್ತಲಿನ ಬೆತ್ನಲ್ ಗ್ರೀನ್ ಪ್ರದೇಶದ ಸುಮಾರು ಇಮ್ಮಡಿಯಾಗಿತ್ತು. ಲಂಡನ್ ಕೌಂಟಿ ಕೌನ್ಸಿಲ್ 1890ರ ವಸತಿ ಕಾಯಿದೆಯ ಬಲದಿಂದ ಅದನ್ನು ಕೆಡವಿ, ಬೌಂಡರಿ ಎಸ್ಟೇಟ್ ಎಂಬ ಸುಂದರ ವಸತಿಯನ್ನು ಕಟ್ಟಿಸಿತು; 1900ರಲ್ಲಿ ಯುವರಾಜರು ಅದನ್ನು ಉದ್ಘಾಟಿಸಿದರು. ಕೆಡವಿದ ಮನೆಗಳ ಮಣ್ಣುಕಲ್ಲನ್ನು ನಡುವೆ ದಿಬ್ಬವಾಗಿ ಒಟ್ಟಿ ಉದ್ಯಾನ ಮಾಡಿದರು. ಅದರ ಸುತ್ತ ಐದು ಅಂತಸ್ತಿನ ಕೆಂಪಿಟ್ಟಿಗೆಯ ಕಟ್ಟಡಗಳು. ಹಿಂದೆ 5,719 ಜನ ಇದ್ದ ಸ್ಥಳದಲ್ಲಿ ಸುಮಾರು 5,500 ಜನಕ್ಕೆ ಗಾಳಿ ಬೆಳಕಿನ ಮನೆಗಳಾದವು. ಜನಸಾಂದ್ರತೆಯನ್ನು ಹೆಚ್ಚು ಕಡಮೆ ಮಾಡದೆಯೇ ಆರೋಗ್ಯವನ್ನು ಸಾಧಿಸಬಹುದೆಂಬುದಕ್ಕೆ ಇದು ನಿದರ್ಶನ. ಆದರೆ ಆ 5,719 ಜನರಲ್ಲಿ ಹೊಸ ಮನೆಗಳಿಗೆ ಬಂದವರು ಹನ್ನೊಂದು ಮಂದಿ ಮಾತ್ರ. ಬಾಡಿಗೆ ಅವರ ಕೈಗೆಟುಕಲಿಲ್ಲ. ಉಳಿದವರು ಸುತ್ತಲಿನ ಕೇರಿಗಳಲ್ಲಿ ಇನ್ನಷ್ಟು ಒತ್ತಿಕೊಂಡರು.

ಸಾಂದ್ರತೆ ಬೇರೆ, ಇಕ್ಕಟ್ಟು ಬೇರೆ

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಜನರಿದ್ದಾರೆ ಎಂಬುದು ಸಾಂದ್ರತೆ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದು ಇಕ್ಕಟ್ಟು. ಇಂಗ್ಲೆಂಡಿನ 1891ರ ಜನಗಣತಿ ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನರಿರುವುದನ್ನು ಇಕ್ಕಟ್ಟೆಂದು ಎಣಿಸಿತು. ಕ್ಷಯದಂತಹ ಗಾಳಿಯ ಮೂಲಕ ಹರಡುವ ರೋಗಕ್ಕೆ ಈ ಎರಡನೆಯದೇ ಅನುಕೂಲ. ಕೆಮ್ಮುವವನೊಡನೆ ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಕಳೆಯುವುದು ಅಪಾಯಕರ. ಆತ ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಕಿಟಕಿ ತೆರೆದು ಮಲಗಿದ್ದರೆ ಅಪಾಯ ತೀರ ಕಡಮೆ.

2021ರ ಜನಗಣತಿಯಂತೆ ಇಂಗ್ಲೆಂಡಿನ ಅತ್ಯಂತ ಜನನಿಬಿಡ ಆಡಳಿತ ಪ್ರದೇಶ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್; ಚದರ ಕಿಲೋಮೀಟರಿಗೆ 15,695 ಜನ. ಬೆತ್ನಲ್ ಗ್ರೀನ್, ಸ್ಪಿಟಲ್‌ಫೀಲ್ಡ್ಸ್ ಎಲ್ಲವೂ ಸೇರಿರುವುದು ಇದರಲ್ಲಿಯೇ. ಮುಂಬಯಿ ಉಪನಗರ ಜಿಲ್ಲೆಯಲ್ಲಿ 2011ರ ಗಣತಿಯಂತೆ 20,000ಕ್ಕೂ ಅಧಿಕ. ಹೆಚ್ಚೇನೋ ನಿಜ, ಆದರೆ ಬೇರೊಂದು ಲೋಕವೆನ್ನುವಷ್ಟು ದೂರವಿಲ್ಲ. ಆ ಕೇರಿಗಳಲ್ಲಿ ಕಾಲರಾ ಇಂದು ಚರಿತ್ರೆಯ ಪುಟಗಳಲ್ಲಿ ಮಾತ್ರ ಇದೆ.

ಗಾಳಿಯ ವಿಷಯದಲ್ಲಿಯೂ ಅವರು ತಡವಾಗಿ ಎಚ್ಚೆತ್ತರು. ಪ್ರತಿ ಸಾಲುಮನೆಯಲ್ಲಿಯೂ ಕಲ್ಲಿದ್ದಲ ಒಲೆಯಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಹೊಗೆಯೂ ಮಂಜೂ ಬೆರೆತು ಲಂಡನ್ನನ್ನು ಮುಸುಕಿದಾಗ ಸತ್ತವರು ಮೊದಲ ಲೆಕ್ಕದಂತೆ ಸುಮಾರು 4,000. ಬಳಿಕದ ಅಂದಾಜುಗಳು 12,000ದವರೆಗೂ ಹೋಗಿವೆ. 1956ರ ಶುದ್ಧವಾಯು ಕಾಯಿದೆಯಿಂದ ಹೊಗೆರಹಿತ ವಲಯಗಳು ಬಂದವು. ಯಾವ ಒಲೆಯೂ ತಾನೊಂದೇ ಊರನ್ನು ಕೊಲ್ಲಲಿಲ್ಲ. ಹಾಗೆಯೇ ಯಾರೊಬ್ಬರೂ ತಾವೊಬ್ಬರೇ ಅದನ್ನು ನಿಲ್ಲಿಸುವಂತಿರಲಿಲ್ಲ. ಒತ್ತುಮನೆಗಳ ಬಾಳಿನಲ್ಲಿ ಕಾಯಿದೆ ಬೇಕಾಗುವುದು ಈ ಕಾರಣದಿಂದ.

ನೆರೆಯ ಬಲ

ಸಮೀಪದ ಬಾಳಿಗೆ ತನ್ನದೇ ಆದ ಗುಣವೂ ಇದೆ. 1832ರ ಕಾಲರಾ ಕಾಲದಲ್ಲಿ ಲಿವರ್‌ಪೂಲಿನ ಕಿಟಿ ವಿಲ್ಕಿನ್ಸನ್ ಎಂಬ ಬಡ ಹೆಂಗಸಿನ ಮನೆಯಲ್ಲಿ ಬಟ್ಟೆ ಕುದಿಸುವ ಹಂಡೆಯೊಂದಿತ್ತು. ಆ ಬೀದಿಯಲ್ಲಿ ಬೇರೆಯವರಿಗೆ ಅದು ಇರಲಿಲ್ಲ. ವಾರಕ್ಕೆ ಒಂದು ಪೆನ್ನಿಯ ಲೆಕ್ಕದಲ್ಲಿ ಆಕೆ ನೆರೆಯವರಿಗೆಲ್ಲ ತಮ್ಮ ಬಟ್ಟೆ, ಹೊದಿಕೆಗಳನ್ನು ಅದರಲ್ಲಿ ಒಗೆದುಕೊಳ್ಳಲು ಬಿಟ್ಟರು. ಇದರಿಂದ ಬೆಳೆದ ಚಳವಳಿಯಿಂದ 1842ರಲ್ಲಿ ಅದೇ ಊರಿನಲ್ಲಿ ಸಾರ್ವಜನಿಕ ಸ್ನಾನಗೃಹ, ಬಟ್ಟೆ ಒಗೆಯುವ ಗೃಹ ಸ್ಥಾಪನೆಯಾದವು. 1846ರಲ್ಲಿ ಇಡೀ ದೇಶಕ್ಕೆ ಆ ಬಗ್ಗೆ ಕಾಯಿದೆಯೇ ಬಂದಿತು.

ಮೈಕೆಲ್ ಯಂಗ್, ಪೀಟರ್ ವಿಲ್ಮಟ್ ಎಂಬ ಸಮಾಜಶಾಸ್ತ್ರಜ್ಞರು ಬೆತ್ನಲ್ ಗ್ರೀನಿನ ಕುಟುಂಬಗಳನ್ನು ಕುರಿತು 1957ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮದುವೆಯಾದ ಮಗಳು ತಾಯಿಯ ಮನೆಯಿಂದ ಕೂಗಳತೆಯ ದೂರದಲ್ಲಿರುವುದು, ಬಾಣಂತನದಲ್ಲಿ, ಕಾಯಿಲೆಯಲ್ಲಿ, ಮಕ್ಕಳ ಪಾಲನೆಯಲ್ಲಿ ತಾಯಿ ಮಗಳು ಒಬ್ಬರಿಗೊಬ್ಬರು ಒದಗುವುದು ಅಲ್ಲಿ ವಾಡಿಕೆಯಾಗಿತ್ತು. ಹಳೆಯ ಮನೆಗಳು ಅನಾರೋಗ್ಯಕರವೆಂದು ಅನೇಕರನ್ನು ನಗರದ ಹೊರಗಿನ ಹೊಸ ಬಡಾವಣೆಗೆ ಕಳುಹಿಸಲಾಯಿತು. ಅಲ್ಲಿ ಸ್ನಾನದ ಮನೆ, ತೋಟ ಎಲ್ಲ ಸಿಕ್ಕಿದವು. ಆದರೆ ಹೆಂಗಸರು ಒಂಟಿಯಾದರು. ಕಾಯಿಲೆ ಬಿದ್ದರೆ ಕರೆಯಲು ಯಾರೂ ಇರಲಿಲ್ಲ. ಊರು ಬಿಟ್ಟು ಬಂದ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮರೆವಿನ ಅಪಾಯ

ಕಲಿತ ಪಾಠವನ್ನು ಮರೆತರೆ ಏನಾಗುತ್ತದೆಂಬುದನ್ನೂ ಅದೇ ನಗರ ತೋರಿಸಿದೆ. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದಲ್ಲಿ ಒಂದು ಅನಿಲ ಸ್ಫೋಟದಿಂದ ಒಂದು ಮೂಲೆಯೇ ಕುಸಿಯಿತು, ನಾಲ್ವರು ಸತ್ತರು. 2017ರ ಜೂನ್ 14ರಂದು ಪಶ್ಚಿಮ ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರಿನಲ್ಲಿ ಒಂದು ಅಡಿಗೆಮನೆಯಲ್ಲಿ ಹುಟ್ಟಿದ ಬೆಂಕಿ, ಹೊರಗೋಡೆಗೆ ಹೊದಿಸಿದ್ದ ಉರಿಯುವ ಹಲಗೆಗಳ ಮೂಲಕ ಕಟ್ಟಡವನ್ನೆಲ್ಲ ಆವರಿಸಿ 72 ಜನರನ್ನು ಬಲಿ ತೆಗೆದುಕೊಂಡಿತು. ಈ ಸಾವುಗಳೆಲ್ಲ ತಪ್ಪಿಸಬಹುದಾಗಿದ್ದವೆಂದು 2024ರಲ್ಲಿ ವಿಚಾರಣಾ ಮಂಡಳಿ ನಿರ್ಣಯಿಸಿತು. 1666ರ ಮಹಾ ಅಗ್ನಿಯ ಬಳಿಕ ಮರದ ಗೋಡೆಗಳನ್ನು ನಿಷೇಧಿಸಿ, ಇಟ್ಟಿಗೆ ಕಲ್ಲುಗಳಿಂದಲೇ ಕಟ್ಟಬೇಕೆಂದು 1667ರಲ್ಲಿ ವಿಧಿಸಿದ ನಗರದಲ್ಲಿಯೇ ಇದು ನಡೆಯಿತೆಂಬುದು ದುಃಖದ ಸಂಗತಿ.

ನಮ್ಮ ಮನೆಯ ಮಾತು

ಇಷ್ಟೆಲ್ಲವನ್ನೂ ಓದಿದ ಮೇಲೆ, ನಮ್ಮ ಚಾಳುಗಳಲ್ಲಿ, ಸೊಸೈಟಿ ಕಟ್ಟಡಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ನೆಲದಡಿಯ ನೀರಿನ ತೊಟ್ಟಿ ಚರಂಡಿಯಿಂದ ಎಷ್ಟು ದೂರದಲ್ಲಿದೆ? ಮೇಲಿನ ಟ್ಯಾಂಕನ್ನು ಕಡೆಯ ಬಾರಿ ತೊಳೆಸಿದ್ದು ಯಾವಾಗ? ಮಲಗುವ ಕೋಣೆಗೆ ಗಾಳಿ ಬಂದು ಹೋಗುವ ದಾರಿಯನ್ನು ಕಪಾಟಿನಿಂದಲೋ ಬಾಲ್ಕನಿಯ ಮುಚ್ಚಿಗೆಯಿಂದಲೋ ನಾವೇ ಕಟ್ಟಿಹಾಕಿದ್ದೇವೆಯೇ? ಮೆಟ್ಟಿಲ ದಾರಿಯಲ್ಲಿ ಚಪ್ಪಲಿ ಗೂಡು, ಹಳೆಯ ಮಂಚ, ಸೈಕಲ್ಲುಗಳನ್ನಿಟ್ಟರೆ ಬೆಂಕಿ ಬಿದ್ದ ದಿನ ಇಳಿಯುವುದೆಲ್ಲಿ? ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿದ್ದೇವೆಯೇ? ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಪ್ರಸ್ತಾಪ ಬಂದಾಗ, ಹಿಂದಿರುಗಿ ಬರಬಲ್ಲವರು ಎಷ್ಟು ಜನ ಎಂದು ಎಣಿಸಿದ್ದೇವೆಯೇ?

ಈ ಲೇಖನಕ್ಕಾಗಿ ಬ್ರಾಡ್ ಸ್ಟ್ರೀಟಿನ ಮೂರು ಅಡಿ ಅಂತರವನ್ನು ಬರೆಯುತ್ತಿದ್ದಾಗ ನನಗೆ ನಾಚಿಕೆಯಾಯಿತು. ನಮ್ಮ ಸೊಸೈಟಿಯ ಲೆಕ್ಕಪತ್ರಗಳನ್ನು ಆರು ವರ್ಷಗಳಿಂದ ಪರಿಶೀಲಿಸಿ ಸಹಿ ಹಾಕುತ್ತಿರುವವನು ನಾನು. ನೀರಿನ ತೊಟ್ಟಿ ಎಲ್ಲಿದೆಯೆಂದು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾವಲುಗಾರನನ್ನು ಕರೆದುಕೊಂಡು ಅಳತೆಪಟ್ಟಿಯೊಡನೆ ಇಳಿದೆ. ಚರಂಡಿಯ ಗುಂಡಿಗೂ ತೊಟ್ಟಿಗೂ ಐದೂವರೆ ಅಡಿ ಅಂತರ. ತೊಟ್ಟಿಯ ಮುಚ್ಚಳದ ಅಂಚಿನ ಸಿಮೆಂಟು ಒಡೆದು, ಮಳೆಯ ನೀರು ಒಳಗಿಳಿದ ಕಲೆಯೂ ಇತ್ತು. ಮರುವಾರದ ಸಮಿತಿಯ ಸಭೆಯಲ್ಲಿ ವಿಷಯವನ್ನು ಮುಂದಿಟ್ಟೆ. ಮುಚ್ಚಳವನ್ನು ಎತ್ತರಿಸಿ ಭದ್ರಪಡಿಸಿದ್ದಾಯಿತು; ತೊಟ್ಟಿ ತೊಳೆಸಿದ ದಿನಾಂಕವನ್ನು ಬರೆದಿಡಲು ಒಂದು ಪುಸ್ತಕವೂ ಆರಂಭವಾಯಿತು. ವಾಚಕರು ತಮ್ಮ ತಮ್ಮ ಕಟ್ಟಡಗಳಲ್ಲಿ ಹೀಗೆ ಒಂದು ಬೆಳಿಗ್ಗೆಯನ್ನು ಮೀಸಲಿಟ್ಟರೆ ಈ ಲೇಖನ ಸಾರ್ಥಕವಾದೀತು.